ಬದಲಿ ಮರೆಪ್ಪನ ಮುಂಜಾನೆ

ಮುಂಬಯಿ ತಾರದೇವದ ಆ ಬಟ್ಟೆ ಗಿರಣಿಯಲ್ಲಿ ಮರೆಪ್ಪನಿಗೆ ಸ್ವಂತ ಹೆಸರಿರಲಿಲ್ಲ. ಅವತ್ತು ಯಾರು ಕೆಲಸಕ್ಕೆ ಬರಲಿಲ್ಲವೋ ಅವರ ಹೆಸರೇ ಅವತ್ತಿನ ಮಟ್ಟಿಗೆ ಅವನ ಹೆಸರು. ಅವನು ಬದಲಿ ಕಾರ್ಮಿಕ. ಬೆಳಗಿನ ಭೋಂಗಾ, ಅಂದರೆ ಗಿರಣಿಯ ಸೈರನ್ನು, ಕೂಗುವ ಮುನ್ನ ಬದಲಿಗಳೆಲ್ಲ ಗೇಟಿನ ಮುಂದೆ ನಿಂತಿರಬೇಕು. ಒಳಗಿನ ಹಾಜರಿ ಮುಗಿಸಿದ ಮುಕಾದಮ ಹೊರಗೆ ಬಂದು "ಭೀಮರಾಯನ ಬದಲಿ" ಎಂದು ಕೂಗಿ ಯಾರತ್ತಲಾದರೂ ಬೆರಳು ತೋರಿಸಿದರೆ, ಆ ಬೆರಳಿಗೆ ಸಿಕ್ಕವನು ಸಂಜೆಯ ತನಕ ಭೀಮರಾಯ. ಭೀಮರಾಯನ ಮಗ್ಗ, ಭೀಮರಾಯನಿಗೆ ಸಲ್ಲಬೇಕಾದ ಬೈಗುಳ, ಹಿಂದಿನ ದಿನ ಅವನು ಕಟ್ಟದೆ ಬಿಟ್ಟುಹೋದ ಹರಿದ ನೂಲು ಎಲ್ಲವೂ ಇವನ ಪಾಲಿಗೆ.

ವರ್ಷಗಟ್ಟಲೆ ಹೀಗೆ ಇನ್ನೊಬ್ಬರಾಗಿ ದುಡಿದವನಿಗೆ ಏನಾಗಬೇಕೋ ಅದು ಮರೆಪ್ಪನಿಗೂ ಆಗಿತ್ತು. ಬಂಡೆಪ್ಪನ ಮಗ್ಗ ನಡೆಸಿದ ದಿನ ಅವನು ಎಡಗಾಲು ಎಳೆಯುತ್ತ ಮನೆಗೆ ಬರುತ್ತಿದ್ದ, ಏಕೆಂದರೆ ಬಂಡೆಪ್ಪನಿಗೆ ಎಡ ಮೊಣಕಾಲಿನ ನೋವು. ಭೀಮರಾಯನಾದ ದಿನ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಭೀಮರಾಯನ ಹೊಟ್ಟೆಯ ವಿಚಾರ ಅವರೆಲ್ಲ ವಾಸವಿದ್ದ ಚಾಳಿಗೆಲ್ಲ ಗೊತ್ತು. ಪೇಟೆಯಲ್ಲಿ ಯಾರಾದರೂ ಭೀಮರಾಯ ಎಂದು ಕರೆದರೆ ಮರೆಪ್ಪನೂ ತಿರುಗಿ ನೋಡುತ್ತಿದ್ದ. ಸಂಜೆ ಗಂಡ ಮೆಟ್ಟಿಲು ಹತ್ತಿ ಬಂದಾಗ ಹಾಲವ್ವ ನೀರಿನ ಚೊಂಬು ಕೊಡುವ ಮುಂಚೆ ಕೇಳುತ್ತಿದ್ದ ಮಾತು ಒಂದೇ: "ಇವತ್ತ ಯಾರು ಬಂದ್ರಿ?" ಬದಲಿಗಳ ಮನೆಗಳಲ್ಲೆಲ್ಲ ಇದೇ ವಾಡಿಕೆ. ಭೀಮರಾಯ ಬಂದಿದ್ದರೆ ಮಜ್ಜಿಗೆ, ಬಂಡೆಪ್ಪ ಬಂದಿದ್ದರೆ ಮೊಣಕಾಲಿಗೆ ಎಣ್ಣೆ. ಕೆಲಸ ಸಿಗದೆ ಬೆಳಿಗ್ಗೆಯೇ ಹಿಂತಿರುಗಿದ ದಿನ ಅವಳು ಏನನ್ನೂ ಕೇಳುತ್ತಿರಲಿಲ್ಲ.

ಮರೆಪ್ಪನಿಗೆ ಪರ್ಮನೆಂಟ್ ಆಗಬೇಕಿತ್ತು. ಯಾದಗಿರಿ ಕಡೆಯಿಂದ ರೈಲು ಹತ್ತಿ ಬಂದ ದಿನದಿಂದ ಅವನಿಗಿದ್ದ ಆಸೆ ಅದೊಂದೇ. ಗಿರಣಿಯೊಳಗೆ ಯಾರಾದರೂ ತನ್ನನ್ನು ತನ್ನ ಹೆಸರಿನಿಂದಲೇ ಬೈದರೆ ಸಾಕು ಎನ್ನುವಷ್ಟು ಆಸೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಗ್ಗದ ಖಾತೆಯ ರತ್ನಾಗಿರಿಯ ಮುದುಕನೊಬ್ಬ ಆ ವರ್ಷದ ದೀಪಾವಳಿಗೆ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ. ಆ ಜಾಗ ಬದಲಿಗಳಲ್ಲಿ ಒಬ್ಬನಿಗೆ. ಅದಕ್ಕೆ ಶರತ್ತು ಎರಡಿದ್ದವು. ದೀಪಾವಳಿಯೊಳಗೆ ತಕ್ಕಷ್ಟು ದಿನದ ಹಾಜರಿ ಬಿದ್ದಿರಬೇಕು, ಗಿರಣಿಯ ಡಾಕ್ಟರು ದೇಹ ನೋಡಿ ಪಾಸು ಮಾಡಬೇಕು.

ಡಾಕ್ಟರ ಬಳಿ ಮರೆಪ್ಪ ಹಿಂದೊಮ್ಮೆ ನಪಾಸಾಗಿದ್ದ. ಡಾಕ್ಟರು ಅವನ ಎದೆಗೆ ಟೇಪು ಸುತ್ತಿ ಉಸಿರು ಎಳೆ ಎಂದರು. ಆಮೇಲೆ ಬಿಡು ಎಂದರು. ಎರಡು ಸಲವೂ ಅಳತೆ ಒಂದೇ ಬಂತು. ಡಾಕ್ಟರಿಗೆ ಟೇಪಿನ ಮೇಲೆಯೇ ಅನುಮಾನ ಹುಟ್ಟಿ ಕಾಂಪೌಂಡರನ ಎದೆ ಅಳೆದು ನೋಡಿದರು. ಟೇಪು ಸರಿಯಿತ್ತು. ಎದೆ ಹಿಗ್ಗದವನನ್ನು ನೂಲಿನ ಧೂಳಿಗೆ ಬಿಡಲು ಬರುವುದಿಲ್ಲ ಎಂದು ಹೊರಗೆ ಕಳಿಸಿದರು. ವರ್ಷಗಟ್ಟಲೆ ಅದೇ ಧೂಳಿನಲ್ಲಿ ಬೇರೆಯವರ ಹೆಸರಿನಲ್ಲಿ ನಿಂತಿದ್ದ ಎದೆ ಅದು ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಚಾಳಿನ ಕೆಳಗೆ, ಗ್ರಾಂಟ್ ರೋಡ್ ಸ್ಟೇಷನ್ನಿನ ಕಡೆಗೆ ಮುಖ ಮಾಡಿದ ಉಡುಪಿ ಹೋಟೆಲೊಂದಿತ್ತು. ಅಲ್ಲಿ ಕಾಫಿ ಚಹಾ ಮಾಡುತ್ತಿದ್ದ ಕೊರಗಪ್ಪನ ಬಳಿ ಮರೆಪ್ಪ ತನ್ನ ಎದೆಯ ಕಥೆ ತೋಡಿಕೊಂಡ. ಕೊರಗಪ್ಪ ಆರೋಗ್ಯದ ವಿಚಾರದಲ್ಲಿ ದೊಡ್ಡ ತಿಳಿವಳಿಕಸ್ಥ. ಚೌಪಾಟಿಯ ಸಮುದ್ರತೀರದಲ್ಲಿ ಬೆಳಗಿನ ತಿರುಗಾಟ ಮುಗಿಸಿದ ಸೇಠುಗಳೂ ವಕೀಲರೂ ಅವನ ಹೋಟೆಲಿಗೆ ಬಂದು ಕೂತು ತಮ್ಮ ತಮ್ಮ ದೇಹದ ಬಗ್ಗೆ ಮಾತಾಡುತ್ತಿದ್ದರು. ಅದೆಲ್ಲ ಒಲೆಯ ಮುಂದೆ ನಿಂತ ಇವನ ಕಿವಿಗೆ ಬಿದ್ದಿತ್ತು. ಸ್ವತಃ ಕೊರಗಪ್ಪ ಮಾತ್ರ ಮುಂಬಯಿಗೆ ಬಂದಂದಿನಿಂದ ಬೆಳಗಿನ ಹೊತ್ತಿನ ಚೌಪಾಟಿಯನ್ನು ಕಂಡವನಲ್ಲ.

"ಎಂತದೂ ಇಲ್ಲ ಮಾರಾಯ, ಬೆಳಿಗ್ಗೆ ಒಂದು ಸರಿ ಮಾಡಿಕೊಂಡ್ರೆ ಎಲ್ಲ ಸರಿ ಆಗ್ತದೆ" ಎಂದ ಕೊರಗಪ್ಪ. "ಎದ್ದ ಕೂಡಲೇ ಹೊಟ್ಟೆ ತುಂಬ ಬಿಸಿನೀರು ಕುಡೀಬೇಕು. ಮತ್ತೆ ಬರಿಗಾಲಲ್ಲಿ ಮರಳಿನ ಮೇಲೆ ನಡೀಬೇಕು. ಹುಟ್ಟುವ ಸೂರ್ಯನಿಗೆ ಎದೆ ಕೊಟ್ಟು ಉಸಿರು ಎಳೀಬೇಕು. ಕಡೆಗೆ ನಗಬೇಕು, ಹೊಟ್ಟೆಯಿಂದ. ಅದು ಎದೆಗೆ ಬಹಳ ಒಳ್ಳೇದುಂಟು."

ಏನನ್ನು ನೋಡಿ ನಗಬೇಕು ಎಂದು ಮರೆಪ್ಪ ಕೇಳಿದ. ಕೊರಗಪ್ಪ ಚಹಾ ಸೋಸುತ್ತಲೇ, ಅದನ್ನು ಯಾವ ಗಿರಾಕಿಯೂ ಹೇಳಿದ್ದಿಲ್ಲ ಎಂದು ಒಪ್ಪಿಕೊಂಡ.

ಈಗ ತೊಂದರೆ ಇದ್ದದ್ದು ಬೆಳಗು ತರುವುದೆಲ್ಲಿಂದ ಎಂಬುದರಲ್ಲಿ. ಚಾಳಿನಲ್ಲಿ ಬೆಳಗು ಎಂದರೆ ಸಾಲು. ನಳದ ಸಾಲು, ಹಾಲಿನ ಸೆಂಟರಿನ ಸಾಲು, ಎಲ್ಲಕ್ಕಿಂತ ಮುಖ್ಯವಾಗಿ ಗ್ಯಾಲರಿಯ ಕೊನೆಯಲ್ಲಿದ್ದ ಸಂಡಾಸಿನ ಸಾಲು. ಈ ಸಾಲಿನಲ್ಲಿ ಮನುಷ್ಯ ನಿಲ್ಲಲೇಬೇಕೆಂದಿರಲಿಲ್ಲ, ಅವನ ನೀರಿನ ಡಬ್ಬಿ ನಿಂತರೆ ಸಾಕಿತ್ತು. ಎದ್ದವರು ತಮ್ಮ ತಮ್ಮ ಡಬ್ಬಿಯನ್ನು ಸಾಲಿನಲ್ಲಿ ಇಟ್ಟು ಬರುತ್ತಿದ್ದರು. ಡಬ್ಬಿಗೆ ಮಾಲೀಕನಷ್ಟೇ ಹಕ್ಕು. ಅದನ್ನು ದಾಟಿ ಮುಂದೆ ಹೋದವನ ಮೇಲೆ ಇಡೀ ಮಜಲು ಎರಗುತ್ತಿತ್ತು. ಆದರೆ ಸಾಲು ಸರಿದಂತೆ ಡಬ್ಬಿಯನ್ನು ಮುಂದೆ ಸರಿಸುವ ಕೈ ಒಂದು ಬೇಕು. ತಾನಾಗಿ ಸರಿಯದ ಡಬ್ಬಿ ಹಿಂದೆ ಬೀಳುತ್ತದೆ. ಹೀಗಾಗಿ ಜನ ಡಬ್ಬಿ ಇಟ್ಟೂ ಅದರ ಪಕ್ಕದಲ್ಲೇ ಕಾಯುತ್ತ ಕೂರುತ್ತಿದ್ದರು, ಮರೆಪ್ಪನೂ ಅವರಲ್ಲೊಬ್ಬ.

ಮರೆಪ್ಪನದು ಹಳದಿ ಬಣ್ಣದ ಡಾಲ್ಡಾ ಡಬ್ಬಿ, ಹಿಡಿಕೆಗೆ ತಂತಿ. ಆ ಡಬ್ಬಿಯನ್ನು ನೀನು ಸರಿಸುತ್ತಿರು, ಅಷ್ಟರಲ್ಲಿ ನಾನು ಆರೋಗ್ಯ ಮಾಡಿಕೊಂಡು ಬರುತ್ತೇನೆ ಎಂದು ಅವನು ಹಾಲವ್ವನಿಗೆ ಹೇಳಿದ. ಹಾಲವ್ವ ಗಂಡನ ಎದೆಯತ್ತ ಒಮ್ಮೆ ನೋಡಿ, ಆಗಲಿ ಎಂದಳು. ಆ ಎದೆ ಹಿಗ್ಗಿದರೆ ತನ್ನ ಮನೆಗೆ ದಿನವೂ ಒಬ್ಬನೇ ಗಂಡ ಬರುತ್ತಾನೆ ಎಂಬ ಲೆಕ್ಕ ಅವಳದು.

ಹೀಗೆ ಶುರುವಾಯಿತು. ನಳಕ್ಕೆ ನೀರು ಬರುವ ಹೊತ್ತಿಗೆ ಎದ್ದು, ತಂಬಿಗೆಗಟ್ಟಲೆ ಬಿಸಿನೀರು ಕುಡಿದು, ಡಬ್ಬಿಯನ್ನು ಸಾಲಿನಲ್ಲಿ ಬಿಟ್ಟು ಮರೆಪ್ಪ ಚೌಪಾಟಿಗೆ ನಡೆದ. ಬರಿಗಾಲಲ್ಲಿ ಮರಳು ತುಳಿದ. ಹುಟ್ಟುವ ಸೂರ್ಯನಿಗೆ ಎದೆ ಕೊಡಬೇಕೆಂದು ಸಮುದ್ರಕ್ಕೆ ಮುಖ ಮಾಡಿ ನಿಂತ. ಸೂರ್ಯ ಅಲ್ಲಿ ಹುಟ್ಟಲಿಲ್ಲ. ಬೆನ್ನು ಬೆಚ್ಚಗಾದಾಗ ತಿರುಗಿ ನೋಡಿದರೆ ಬಿಲ್ಡಿಂಗುಗಳ ಹಿಂದೆ ಎಲ್ಲೋ ಹುಟ್ಟಿ ಆಗಿತ್ತು. ಮಾರನೆಯ ದಿನದಿಂದ ಅವನು ಸಮುದ್ರಕ್ಕೆ ಬೆನ್ನು ಹಾಕಿ, ರಸ್ತೆಯಾಚೆಯ ಬಿಲ್ಡಿಂಗಿಗೆ ಕೈಮುಗಿದು ಉಸಿರು ಎಳೆಯತೊಡಗಿದ. ಮೂರನೇ ಮಜಲಿನ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದ ಪಾರ್ಸಿ ಮುದುಕನೊಬ್ಬ ಅದು ತನಗೇ ಎಂದುಕೊಂಡು ದಿನವೂ ತಪ್ಪದೆ ಕೈಯೆತ್ತಿ ಸಲಾಮು ಮಾಡುತ್ತಿದ್ದ. ನಗುವ ಸರದಿ ಬಂದಾಗ ಮರೆಪ್ಪ ಕಾಂಪೌಂಡರನ ಎದೆ ಅಳೆದ ಟೇಪನ್ನು ನೆನೆಯುತ್ತಿದ್ದ. ಮೊದಮೊದಲು ಸಿಟ್ಟು ಬಂತು. ಒಂದು ದಿನ ನಗು ಬಂತು, ಆಮೇಲೆ ಅದನ್ನು ತಡೆಯಲಾಗಲಿಲ್ಲ.

ಫಲ ಸಿಗಲು ತಡವಾಗಲಿಲ್ಲ. ಚಾಳಿನ ಮೆಟ್ಟಿಲುಗಳನ್ನು ಅವನು ಏದುಸಿರಿಲ್ಲದೆ ಹತ್ತತೊಡಗಿದ. ಅವನ ಶರ್ಟಿನ ಗುಂಡಿ ಕಿತ್ತುಬಂತೆಂದು ಹಾಲವ್ವ ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ವಾಪಸು ಬರುವ ಹೊತ್ತಿಗೆ ಡಬ್ಬಿ ಸಾಲಿನ ಮುಂದಿನ ತುದಿಯಲ್ಲಿ ಇವನ ದಾರಿಯನ್ನೇ ಕಾಯುತ್ತಿರುತ್ತಿತ್ತು. ಎಲ್ಲ ಮುಗಿಸಿ ಗಿರಣಿಯ ಗೇಟಿಗೆ ಹೋದರೆ ಉಳಿದ ಬದಲಿಗಳಿಗಿಂತ ಇವನೇ ಮೊದಲು. ಮುಕಾದಮನ ಬೆರಳು ತಾನಾಗಿ ಇವನತ್ತ ತಿರುಗಿ ಹಾಜರಿ ಒಂದರ ಮೇಲೊಂದು ಬೀಳುತ್ತ ಹೋಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಮರೆಪ್ಪ ಸುಮ್ಮನೆ ಪರ್ಮನೆಂಟ್ ಆಗಿಬಿಡುತ್ತಿದ್ದ, ನನಗೂ ಇದನ್ನು ಬರೆಯುವ ತಾಪತ್ರಯ ತಪ್ಪುತ್ತಿತ್ತು. ಆದರೆ ಮನುಷ್ಯನಿಗೆ ಆರೋಗ್ಯ ಬಂದರೆ ಅದನ್ನು ಮುಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

ಮೊದಲು ಕೇಳಿದವನು ಎದುರು ಖೋಲಿಯ ಭೀಮರಾಯ. ಅವನು ಅದೇ ಗಿರಣಿಯ ಪರ್ಮನೆಂಟ್ ಆಳು. ಹೊಟ್ಟೆ ಕೆಟ್ಟು ವಾರಕ್ಕೊಮ್ಮೆಯಾದರೂ ಖಾಡೆ ಹಾಕುತ್ತಿದ್ದ. ಗಿರಣಿಯವರು ಗೈರುಹಾಜರಿಗೆ ಖಾಡೆ ಎನ್ನುತ್ತಿದ್ದರು. ತನ್ನ ಹೊಟ್ಟೆಗೂ ಏನಾದರೂ ಹೇಳು ಎಂದು ಅವನು ಬೇಡಿಕೊಂಡಾಗ ಮರೆಪ್ಪನಿಗೆ ಹಿಗ್ಗೋ ಹಿಗ್ಗು. ಎಷ್ಟೋ ವರ್ಷ ಹೊತ್ತು ತಿರುಗಿದ ಹೊಟ್ಟೆ ಅದು, ತನ್ನದೇ ಎನ್ನುವ ಸಲಿಗೆ. ಮಾರನೆಯ ದಿನ ಭೀಮರಾಯ ಜೊತೆಗೆ ಹೊರಟ. ಅವನ ಹಿಂದೆ ಮೊಣಕಾಲಿನ ಬಂಡೆಪ್ಪ ಬಂದ. ಶ್ರಾವಣ ಬರುವ ಹೊತ್ತಿಗೆ ಮಗ್ಗದ ಖಾತೆಯವರೇ ತುಂಬಿದ್ದ ಆ ಮಜಲಿನ ಪರ್ಮನೆಂಟ್ ಗಂಡಸರೆಲ್ಲ ಬಿಸಿನೀರು ಕುಡಿದು, ಸಮುದ್ರಕ್ಕೆ ಬೆನ್ನು ಹಾಕಿ, ಬಾಲ್ಕನಿಯ ಪಾರ್ಸಿ ಮುದುಕನಿಗೆ ಸಾಮೂಹಿಕವಾಗಿ ಕೈಮುಗಿದು, ಮಳೆಯಲ್ಲಿ ನೆನೆಯುತ್ತ ನಗುತ್ತಿದ್ದರು. ಅವರು ಮರೆಪ್ಪನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಇತ್ತ ಚಾಳಿನಲ್ಲಿ ಸಂಡಾಸಿನ ಮುಂದೆ ಬರೀ ಡಬ್ಬಿಗಳ ಸಾಲು. ಹಾಲವ್ವ, ಭೀಮರಾಯನ ಹೆಂಡತಿ ಚಂದ್ರವ್ವ ಮತ್ತು ಉಳಿದ ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಬಿಟ್ಟು ಬಂದು ಗಂಡಂದಿರ ಡಬ್ಬಿ ಸರಿಸಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಗಿರಣಿಯ ಗೇಟಿನಲ್ಲಿ ಮುಕಾದಮ ಹೊರಗೆ ಬಂದು ಯಾವ ಹೆಸರನ್ನೂ ಕೂಗಲಿಲ್ಲ. "ಆಜ್ ಸಬ್ ಹಾಜರ್ ಹೈ" ಎಂದ. ಎಲ್ಲರೂ ಬಂದಿದ್ದಾರೆ, ನೀವು ಮನೆಗೆ ಹೋಗಿ. ಮರೆಪ್ಪ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಾರನೆಯ ದಿನವೂ ಸಬ್ ಹಾಜರ್. ಅದರ ಮಾರನೆಯ ದಿನವೂ. ಆ ವಾರ ಮಗ್ಗದ ಖಾತೆಯಲ್ಲಿ ಹೊಟ್ಟೆ ಕೆಟ್ಟವರಿಲ್ಲ, ಕಾಲು ನೋವಿನವರಿಲ್ಲ, ಜ್ವರವಿಲ್ಲ, ಮೈಕೈ ನೋವಿಲ್ಲ. ಮ್ಯಾನೇಜರು ಬಂದು ಭೀಮರಾಯನ ಬೆನ್ನು ತಟ್ಟಿ ಹೋದರಂತೆ. ಗೇಟಿನ ಹೊರಗೆ ಮರೆಪ್ಪ ಅಗಲವಾದ ಎದೆಯನ್ನು ಮುಂದೆ ಮಾಡಿಕೊಂಡು ನಿಂತಿದ್ದ, ಅದಕ್ಕೆ ಕೆಲಸವಿರಲಿಲ್ಲ.

ಪಕ್ಕದಲ್ಲಿ ನಿಂತವನು ಕಾಶಪ್ಪ. ಅವನೂ ಬದಲಿ, ಅದೇ ಚಾಳಿನ ಕೆಳಮಜಲಿನವನು, ನಗುವೇ ಬರದ ಮನುಷ್ಯ. ಅವನು ಮರೆಪ್ಪನ ಎದೆಯನ್ನು ನೋಡಿದ, ಒಳಗೆ ಹೋದ ಗಟ್ಟಿಮುಟ್ಟಾದ ಗಂಡಸರ ಬೆನ್ನುಗಳನ್ನು ನೋಡಿದ.

"ಇದು ನೀ ಮಾಡಿದ ಕೆಲಸ ಅಲ್ಲೇನು?" ಎಂದ.

ಆಗಲೇ ಮರೆಪ್ಪನಿಗೆ ತಾನು ಮಾಡಿಕೊಂಡದ್ದು ತಿಳಿದದ್ದು. ಭೀಮರಾಯನ ಹೊಟ್ಟೆ ಬರೀ ಹೊಟ್ಟೆಯಾಗಿರಲಿಲ್ಲ, ಅದು ಇವನ ಅನ್ನ. ಬಂಡೆಪ್ಪನ ಮೊಣಕಾಲು ಇವನ ಮನೆಯ ಜೋಳ. ಅವೆರಡನ್ನೂ ಕೈಯಾರೆ ವಾಸಿ ಮಾಡಿ ಬಂದಿದ್ದ. ದೀಪಾವಳಿ ಹತ್ತಿರವಾಗುತ್ತಿತ್ತು, ಹಾಜರಿ ನಿಂತಲ್ಲೇ ನಿಂತಿತ್ತು. ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಂದು ಮಧ್ಯಾಹ್ನ ಖೋಲಿಯಲ್ಲಿ ಒಬ್ಬನೇ ಕೂತು, ಭೀಮರಾಯನಿಗೆ ಒಂದು ಸಣ್ಣ ಭೇದಿಯಾದರೂ ಆಗಲಿ ಎಂದು ದೇವರನ್ನು ಕೇಳಿಕೊಂಡಾಗ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೇಸಿಗೆಯಾದರೂ ಪ್ರಯತ್ನ ಬಿಡಲಿಲ್ಲ. ತಿರುಗಾಟದ ನಂತರ ಎಣ್ಣೆ ಸೋರುವ ಬಟಾಟೆ ಭಜಿ ತಿನ್ನುವುದು ಎದೆಗೆ ಒಳ್ಳೆಯದೆಂದು ಉಸ್ತಾದ್ ಹೊಸ ನಿಯಮ ತಂದ. ಶಿಷ್ಯರು ಭಕ್ತಿಯಿಂದ ತಿಂದರು. ಭೀಮರಾಯ ಇನ್ನೊಂದು ತಟ್ಟೆ ತರಿಸಿ ಅದನ್ನೂ ಅರಗಿಸಿಕೊಂಡ. ಒದ್ದೆ ಬಟ್ಟೆಯಲ್ಲೇ ಗಾಳಿಗೆ ಒಂದಿಷ್ಟು ಹೊತ್ತು ನಿಲ್ಲಬೇಕೆಂದು ಹೇಳಿ ನೋಡಿದ. ಎಲ್ಲರೂ ನಿಂತರು, ಒಬ್ಬನಾದರೂ ಸೀನಲಿಲ್ಲ. ಅವತ್ತು ನೆಗಡಿಯಾದದ್ದು ಮರೆಪ್ಪನಿಗೊಬ್ಬನಿಗೇ.

ಕಡೆಗೆ ಅವನು ಭೀಮರಾಯನ ಖೋಲಿಗೇ ಹೋಗಿ ನೇರವಾಗಿ ಕೇಳಿದ.

"ಭೀಮಣ್ಣ, ನೀ ಮೊದಲಿನಂಗ ವಾರಕ್ಕೊಂದು ದಿನ ಜಡ್ಡು ಬೀಳಬೇಕು. ನಿನ್ನ ಜಡ್ಡಿನ ಮ್ಯಾಲ ನನ್ನ ಸಂಸಾರ ನಡದಿತ್ತು."

ಭೀಮರಾಯ ಕೆಟ್ಟವನಲ್ಲ. ಆದರೆ ಜನ್ಮದಲ್ಲಿ ಮೊದಲ ಸಲ ಮ್ಯಾನೇಜರ ಕೈ ಅವನ ಬೆನ್ನಿನ ಮೇಲೆ ಬಿದ್ದಿತ್ತು.

"ತಮ್ಮಾ, ಹ್ಯಾಂಗ ಬೀಳ್ಲಿ? ಬಿದ್ರ ನಿನ್ನ ವಿದ್ಯಾಕ್ಕ ಅವಮಾನ ಆಗ್ತದ" ಎಂದ.

ಮರೆಪ್ಪ ಎದ್ದು ಬಂದ. ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಹಾಲವ್ವನಿಗೆ ತೆರೆದ ಬಾಗಿಲಿನಿಂದ ಎಲ್ಲ ಕೇಳಿಸಿತ್ತು. ಸಂಜೆ ಅವಳು ಚಂದ್ರವ್ವನ ಜೊತೆ ನಳದ ಬಳಿ ಸ್ವಲ್ಪ ಹೊತ್ತು ಮಾತಾಡುತ್ತ ನಿಂತಿದ್ದಳು. ಗಂಡನ ಡಬ್ಬಿ ಸರಿಸಿ ಸರಿಸಿ ಚಂದ್ರವ್ವನಿಗೂ ಸಾಕಾಗಿತ್ತು. ಬೆಳಗಾಗುವ ಮುಂಚೆಯೇ ಖೋಲಿಯೊಳಗೇ ಶುರುವಾಗುವ ಗಂಡನ ನಗುವಿನ ಅಭ್ಯಾಸ ಅದಕ್ಕಿಂತ ಹೆಚ್ಚು ಸಾಕಾಗಿತ್ತು.

ಮಾರನೆಯ ದಿನ ಗಂಡಸರು ಚೌಪಾಟಿಯಿಂದ ವಾಪಸಾದಾಗ ಡಬ್ಬಿಗಳು ಇಟ್ಟಲ್ಲೇ ಇದ್ದವು. ಒಂದೂ ಒಂದು ಗೇಣು ಮುಂದೆ ಹೋಗಿರಲಿಲ್ಲ. ಮೇಲಿನ ಮಜಲಿನವರು ಬಂದು ಅವುಗಳ ಮುಂದೆ ತಮ್ಮ ಡಬ್ಬಿ ಇಟ್ಟು ಉದ್ದ ಸಾಲು ಮಾಡಿಕೊಂಡಿದ್ದರು. ಹೆಂಗಸರೆಲ್ಲ ಗ್ಯಾಲರಿಯ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಗಂಡಸರ ಹೊಟ್ಟೆಯಲ್ಲಿ ತಂಬಿಗೆಗಟ್ಟಲೆ ಬಿಸಿನೀರು, ಅದರ ಮೇಲೆ ಭಜಿ, ಅದರ ಮೇಲೆ ಹೊಟ್ಟೆಯಿಂದ ನಕ್ಕು ಬಂದ ನಗು. ಬಂಡೆಪ್ಪ ಆಗಲೇ ಕಾಲು ಕತ್ತರಿ ಹಾಕಿ ನಿಂತಿದ್ದ. ಇದೇನು ಎಂದು ಭೀಮರಾಯ ಹೆಂಡತಿಯನ್ನು ಕೇಳಿದ. ಚಂದ್ರವ್ವ ಹಾಲವ್ವನ ಕಡೆ ಕೈ ತೋರಿಸಿದಳು.

"ಇವತ್ತ ನಮ್ದೂ ಖಾಡೆ ಅದ, ಭೀಮಣ್ಣ" ಎಂದಳು ಹಾಲವ್ವ. "ನೀವು ಇಲ್ಲದಾಗ ಡಬ್ಬಿ ಸರಸೋರು ನಾವು, ನಿಮ್ಮ ಬದಲಿ. ನೀವು ಇಲ್ಲದಾಗ ಮಗ್ಗ ನಡಸೋರು ನಮ್ಮ ಮನಿಯವ್ರು, ಅವ್ರೂ ನಿಮ್ಮ ಬದಲಿ. ನೀವು ಒಂದಿನಾನೂ ತಪ್ಪಸಲ್ಲಂದ್ರ ಬದಲಿಯವ್ರು ಎಲ್ಲಿ ನಿಂದ್ರಬೇಕು? ದಿನಕ್ಕೊಬ್ಬರಂಗ ಪಾಳಿ ಹಚ್ಚಿ ಜಡ್ಡು ಬೀಳ್ರಿ. ಹೂಂ ಅಂದ್ರ ಡಬ್ಬಿ ಸರಿತಾವ."

ಭೀಮರಾಯ ಮ್ಯಾನೇಜರ ಬಗ್ಗೆ ಏನೋ ಹೇಳಲು ಹೊರಟ. ಅರ್ಧದಲ್ಲೇ ಅವನ ಮುಖದ ಬಣ್ಣ ಬದಲಾಯಿತು. ಪರ್ಮನೆಂಟ್ ಆಳುಗಳ ಒಂದು ದಿನದ ಪಗಾರ ಹೋಗುತ್ತದೆಂದು ಬಂಡೆಪ್ಪ ನೆನಪಿಸಿದ, ಅದನ್ನೂ ಅವನು ಒಂಟಿಕಾಲಲ್ಲಿ ಕುಣಿಯುತ್ತ ಹೇಳಬೇಕಾಯಿತು. ಎಲ್ಲರಿಗಿಂತ ಕಂಗಾಲಾದವನು ಮರೆಪ್ಪ, ಏಕೆಂದರೆ ಗಂಡನೆಂದು ಹಾಲವ್ವ ಅವನ ಹಳದಿ ಡಬ್ಬಿಗೆ ರಿಯಾಯಿತಿ ಕೊಟ್ಟಿರಲಿಲ್ಲ. ಮಾತುಕತೆ ಬಹಳ ಹೊತ್ತು ನಡೆಯಲಿಲ್ಲ. ಆರೋಗ್ಯವಂತರಾದ ಅಷ್ಟೂ ಗಂಡಸರು ಒಕ್ಕೊರಲಿನಿಂದ ಜಡ್ಡು ಬೀಳಲು ಒಪ್ಪಿದರು, ಹೆಂಗಸರು ಎದ್ದು ಮೇಲಿನ ಮಜಲಿನವರ ಜೊತೆ ಜಗಳ ತೆಗೆದು ಸಾಲನ್ನು ಸರಿಮಾಡಿದರು.

ಪಾಳಿ ಹೇಗೆ ಹಚ್ಚುವುದೆಂಬುದಕ್ಕೆ ಡಬ್ಬಿಗಳೇ ದಾರಿಯಾದವು. ಬೆಳಿಗ್ಗೆ ಯಾರ ಡಬ್ಬಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದೆಯೋ ಅವನಿಗೆ ಅವತ್ತು ಹುಷಾರಿಲ್ಲ. ಯಾರ ಡಬ್ಬಿಯನ್ನು ಮುಂದೆ ಇಡಬೇಕೆಂಬುದನ್ನು ಹೆಂಗಸರು ತೀರ್ಮಾನಿಸುತ್ತಿದ್ದರು. ಉಳಿದದ್ದು ಕಾಶಪ್ಪನ ಮಾತು. ಇರುವುದು ದಿನಕ್ಕೊಂದು ಖಾಡೆ, ಗೇಟಿನಲ್ಲಿ ಈ ಚಾಳಿನ ಬದಲಿಗಳು ಇಬ್ಬರು. ಮರೆಪ್ಪ ಸಂಕೋಚದಿಂದ ಅವನ ಬಳಿ ಹೋದ. ಕಾಶಪ್ಪ ಬೀಡಿ ಆರಿಸಿದ.

"ದೀಪಾವಳಿ ತನಕ ನೀ ಮುಂದ ನಿಂದ್ರು. ನಾ ಹಿಂದ ಸರೀತೀನಿ. ಪರ್ಮನೆಂಟ್ ಆದ ಮ್ಯಾಲ ನಿನ್ನ ಮೊದಲನೇ ಜಡ್ಡು ನನಗ ಕೊಡಬೇಕು."

ಮರೆಪ್ಪ ಅವನ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಜಡ್ಡು ಬೀಳುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಚೌಪಾಟಿಯ ತಿರುಗಾಟವನ್ನು ಯಾರೂ ಬಿಡಲಿಲ್ಲ, ಅಲ್ಲಿಂದ ಬಂದು ಕಂಬಳಿ ಹೊದ್ದು ಮಲಗಬೇಕಿತ್ತು. ಭೀಮರಾಯನಿಗೆ ನರಳುವುದು ಹೇಗೆಂಬುದು ಮರೆತೇ ಹೋಗಿ, ಚಂದ್ರವ್ವ ಅವನ ಹಳೆಯ ನರಳಾಟವನ್ನು ಮಾಡಿ ತೋರಿಸಬೇಕಾಯಿತು. ಬಂಡೆಪ್ಪ ತನ್ನ ಪಾಳಿಯ ದಿನ ಬಲಗಾಲು ಎಳೆದ. ಮಧ್ಯಾಹ್ನದ ಹೊತ್ತಿಗೆ ಬೇಸರ ತಡೆಯಲಾರದೆ ಕಂಬಳಿಯೊಳಗೇ ಬೈಠಕು ಹೊಡೆದವನೂ ಒಬ್ಬನಿದ್ದ. ಕೊರಗಪ್ಪ ಮಾತ್ರ ಇದೆಲ್ಲ ನೋಡಿ ಚಿಂತೆಗೆ ಬಿದ್ದ. ಇಷ್ಟೆಲ್ಲ ಮಾಡಿಯೂ ದಿನಕ್ಕೊಬ್ಬ ಕಾಯಿಲೆ ಬೀಳುತ್ತಿದ್ದಾನೆಂದರೆ ಎಲ್ಲೋ ಬಿಸಿನೀರು ಕಡಿಮೆಯಾಗುತ್ತಿದೆ ಎಂಬುದು ಅವನ ಅಭಿಪ್ರಾಯ.

ದೀಪಾವಳಿಯ ಹೊತ್ತಿಗೆ ಮರೆಪ್ಪನ ಹಾಜರಿ ತುಂಬಿತು. ಡಾಕ್ಟರು ಟೇಪು ಸುತ್ತಿ ಉಸಿರು ಎಳೆ ಎಂದರು. ಮರೆಪ್ಪ ಎಳೆದ ರಭಸಕ್ಕೆ ಟೇಪಿನ ತುದಿ ಅವರ ಬೆರಳಿನಿಂದ ಜಾರಿತು. ಈ ಸಲವೂ ಅವರು ಕಾಂಪೌಂಡರನ ಎದೆ ಅಳೆದು ನೋಡಿದರು, ಟೇಪು ಈ ಸಲವೂ ಸರಿಯಿತ್ತು. ಮರೆಪ್ಪನಿಗೆ ಹೊಟ್ಟೆಯಿಂದ ನಗು ಬಂದುಬಿಟ್ಟಿತು. ಮನಸ್ಸಿನ ಪರೀಕ್ಷೆ ತಮ್ಮ ಇಲಾಖೆಯದಲ್ಲ ಎಂದುಕೊಂಡು ಡಾಕ್ಟರು ಪಾಸು ಮಾಡಿದರು.

ಮಾರನೆಯ ದಿನ ಮುಕಾದಮ ಹಾಜರಿಯಲ್ಲಿ ಮರೆಪ್ಪನ ಹೆಸರು ಕೂಗಿದ. ಮರೆಪ್ಪ ಪಕ್ಕದವನತ್ತ ನೋಡುತ್ತ ನಿಂತ. ಎರಡನೇ ಸಲ ಕೂಗಿ ಬೈದಾಗ ಅದು ತಾನೇ ಎಂದು ಹೊಳೆಯಿತು. ಆ ಬೈಗುಳ ಸಂಜೆಯ ತನಕ ಕಿವಿಯಲ್ಲಿ ಸಿಹಿಯಾಗಿತ್ತು. ಹಾಲವ್ವ ಬಾಗಿಲಲ್ಲಿ ಯಾರು ಬಂದಿರಿ ಎಂದು ಕೇಳಲಿಲ್ಲ, ಸುಮ್ಮನೆ ನೀರು ಕೊಟ್ಟಳು.

ಅಲ್ಲಿಂದ ಮುಂದೆ ಮರೆಪ್ಪ ಬದಲಾದ. ತನ್ನ ಮಗ್ಗವನ್ನು ತಾನೇ ಒರೆಸುತ್ತಿದ್ದ, ತನ್ನ ನೂಲನ್ನು ತಾನೇ ಕಟ್ಟುತ್ತಿದ್ದ, ಒಂದು ದಿನವನ್ನೂ ತಪ್ಪಿಸಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ನಿಂತ ಕಾಶಪ್ಪನನ್ನು ದಾಟಿ ಒಳಗೆ ಹೋಗುವಾಗ ಕಣ್ಣು ತಪ್ಪಿಸುತ್ತಿದ್ದ. ಕೊಟ್ಟ ಮಾತು ನೆನಪಿತ್ತು. ಆದರೆ ಇಷ್ಟು ಕಷ್ಟಪಟ್ಟು ಸಿಕ್ಕ ಹೆಸರನ್ನು ಒಂದು ದಿನದ ಮಟ್ಟಿಗಾದರೂ ಇನ್ನೊಬ್ಬನ ಕೈಗೆ ಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ. ನಾಳೆ ಕೊಡೋಣ ಎಂದು ದಿನ ದೂಡುತ್ತಿದ್ದ. ಕಾಶಪ್ಪ ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಮುಂಜಾನೆ ಮರೆಪ್ಪ ಚೌಪಾಟಿಯಿಂದ ಬಂದು ನೋಡಿದರೆ ಹಳದಿ ಡಾಲ್ಡಾ ಡಬ್ಬಿ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿತ್ತು. ಹಾಲವ್ವ ಬಾಗಿಲಲ್ಲಿ ಕಂಬಳಿ ಹಿಡಿದು ನಿಂತಿದ್ದಳು. ಮರೆಪ್ಪ ಡಬ್ಬಿ ಎತ್ತಿಕೊಂಡು ಹೋಗಿ ಬಂದು ಕಂಬಳಿ ಹೊದ್ದು ಮಲಗಿದ.

ಮಲಗಿದ್ದು ಸ್ವಲ್ಪ ಹೊತ್ತು ಮಾತ್ರ. ತಾನಿಲ್ಲದ ಗಿರಣಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬದಲಿಯಾಗಿದ್ದವನಿಗೆ ಖಾಡೆ ಎಂಬುದೇ ಇರಲಿಲ್ಲ, ಬರದಿದ್ದರೆ ಬರಲಿಲ್ಲವೆಂದು ಗಮನಿಸುವವರೇ ಇರಲಿಲ್ಲ. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದ. ಗಿರಣಿಯ ಎದುರಿನ ಚಹಾ ಗಾಡಿಯ ಹಿಂದೆ ಅಡಗಿ ನಿಂತ. ಹಾಜರಿ ಮುಗಿಸಿ ಮುಕಾದಮ ಹೊರಗೆ ಬಂದ, ಗಂಟಲು ಸರಿಮಾಡಿಕೊಂಡ, ಬೀದಿಗೆಲ್ಲ ಕೇಳುವಂತೆ ಕೂಗಿದ.

"ಮರೆಪ್ಪನ ಬದಲಿ!"

ಬೆರಳು ಕಾಶಪ್ಪನತ್ತ ತಿರುಗಿತು. ಕಾಶಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಒಳಗೆ ಹೋದ. ಚಹಾ ಗಾಡಿಯ ಹಿಂದೆ ಮರೆಪ್ಪನ ಕಣ್ಣಿನಲ್ಲಿ ನೀರು ಬಂತು. ಅಷ್ಟು ಖುಷಿ ಅವನಿಗೆ ಪರ್ಮನೆಂಟ್ ಆದ ದಿನವೂ ಆಗಿರಲಿಲ್ಲ. ಆ ಖುಷಿಗೆ ಎದೆಯೊಳಗೆ ಜಾಗ ಸಾಲದೆ ಹೊಟ್ಟೆಯಿಂದ ನಗು ಹೊರಟಿತು. ಮುಕಾದಮ ತಿರುಗಿ ನೋಡಿದ. ಕಂಬಳಿ ಹೊದ್ದ ತನ್ನ ರೋಗಿ ರಸ್ತೆಯಲ್ಲಿ ನಿಂತು ನಗುತ್ತಿದ್ದ.

"ಅರೇ, ತೂ ತೋ ಬೀಮಾರ್ ಹೈ ನಾ?" ಎಂದು ಮುಕಾದಮ ಕೇಳಿದ.

ಹೌದು ಸಾಹೇಬರೇ, ಬಹಳ ಹುಷಾರಿಲ್ಲ ಎಂದು ಮರೆಪ್ಪ ಹಿಂದಿಯಲ್ಲಿ ಹೇಳಿ ಮತ್ತೆ ನಕ್ಕ. ನಗುವುದನ್ನು ನೋಡಿದ ಮುಕಾದಮನಿಗೆ ಕಾಯಿಲೆ ತಲೆಗೇ ಏರಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಇನ್ನೂ ಒಂದು ದಿನ ಮಲಗಿಕೋ ಎಂದು ಹೇಳಿ ಗೇಟು ಹಾಕಿಸಿದ.

ಸಂಜೆ ಮರೆಪ್ಪ ಗ್ಯಾಲರಿಯ ಕಟಕಟೆಗೆ ಒರಗಿ ಕಾಯುತ್ತಿದ್ದ. ಕಾಶಪ್ಪ ಬೀದಿಯಿಂದ ಚಾಳಿನೊಳಗೆ ಬಂದ. ಎದೆ ಮುಂದೆ ಮಾಡಿ, ಬಾಯಲ್ಲಿ ಬೀಡಿಯಿಲ್ಲದೆ, ಉಸಿರು ಎಳೆದು ಬಿಡುತ್ತ ನಡೆಯುತ್ತಿದ್ದ. ಕೆಳಮಜಲಿನ ಬಾಗಿಲಲ್ಲಿ ಅವನ ಹೆಂಡತಿ ಸೇವಂತಿ ಚೊಂಬು ಹಿಡಿದು ನಿಂತಿದ್ದಳು.

"ಇವತ್ತ ಯಾರು ಬಂದ್ರಿ?" ಎಂದು ಅವಳು ಕೇಳಿದಳು.

"ಮರೆಪ್ಪ" ಎಂದ ಕಾಶಪ್ಪ. ಹೇಳಿ, ಯಾಕೆಂದು ಅವನಿಗೇ ಗೊತ್ತಾಗದೆ, ಹೊಟ್ಟೆಯಿಂದ ನಗಲು ಶುರುಮಾಡಿದ. ಮೇಲೆ ಗ್ಯಾಲರಿಯಲ್ಲಿದ್ದ ಮರೆಪ್ಪ ಆ ನಗು ಮುಗಿಯುವ ತನಕ ಕೇಳಿಸಿಕೊಂಡು ಒಳಗೆ ಹೋಗಿ ಊಟಕ್ಕೆ ಕೂತ.